ಫ್ಯಾಷನ್ ಜಾಹೀರಾತಿಗೆ ಕಾನ್ಸೆಪ್ಟ್ ಕಟ್ಟುವ ಬಗೆ

ಫ್ಯಾಷನ್ ಪ್ರಚಾರದಲ್ಲಿ ಕಲಾ ನಿರ್ದೇಶಕರ ಕೆಲಸ ಕ್ಯಾಮೆರಾ ಹೊರಬರುವ ಎಷ್ಟೋ ದಿನ ಮೊದಲೇ ಶುರುವಾಗುತ್ತದೆ. ಯಾವ ಬಟ್ಟೆ, ಯಾರಿಗೆ, ಎಷ್ಟು ಬೆಲೆಗೆ, ಯಾವ ಹಬ್ಬಕ್ಕೆ ಎಂಬ ವಿವರಗಳ ‘ಬ್ರೀಫ್’ ಕಂಪನಿಯಿಂದ ಬರುತ್ತದೆ. ಅದನ್ನು ಓದಿ, ಇಡೀ ಪ್ರಚಾರ ಕಣ್ಣಿಗೆ ಹೇಗೆ ಕಾಣಬೇಕೆಂದು ಗೊತ್ತುಮಾಡಿಕೊಳ್ಳುವುದೇ ಕಾನ್ಸೆಪ್ಟ್. ಒಂದೇ ವಾಕ್ಯದಲ್ಲಿ ಹೇಳಲು ಬಾರದಿದ್ದರೆ ಅದು ಇನ್ನೂ ಹುಟ್ಟಿಲ್ಲವೆಂದೇ ಅರ್ಥ. ‘ರಾಜಗಾಂಭೀರ್ಯ’, ‘ಪರಂಪರೆಗೆ ಹೊಸ ಮೆರುಗು’ ಎಂಬಂಥವು ಯಾವ ಸೀರೆಗಾದರೂ ಅಂಟಿಸಬಹುದಾದ ಮಾತುಗಳು. ಅವುಗಳಿಂದ ಒಂದು ಚಿತ್ರವೂ ಮೂಡುವುದಿಲ್ಲ.

ವಾಕ್ಯ ಸಿಗುವುದು ಸಾಮಾನ್ಯವಾಗಿ ಬಟ್ಟೆಯಲ್ಲೇ. ಇಳಕಲ್ ಸೀರೆಯನ್ನು ತೆಗೆದುಕೊಳ್ಳಿ. ಅದರ ಒಡಲಿನ ಹಾಸು, ಅಂದರೆ ಉದ್ದದ ಎಳೆಗಳು, ಬೇರೆ; ಸೆರಗಿನ ಹಾಸು ಬೇರೆ. ಎರಡನ್ನೂ ಕುಣಿಕೆ ಹಾಕಿ ಒಂದಕ್ಕೊಂದು ಕೂಡಿಸಿ ನೇಯುತ್ತಾರೆ. ಕೆಂಪು ಸೆರಗಿನಲ್ಲಿ ಬಿಳಿ ತೆನೆಗಳು ಎದ್ದು ಕಾಣುತ್ತವೆ. ‘ಎರಡು ಎಳೆ ಕೂಡುವ ಜಾಗ’ ಎಂಬ ವಾಕ್ಯ ಹಿಡಿದರೆ ಮುಂದಿನದು ತಾನಾಗಿ ತೆರೆದುಕೊಳ್ಳುತ್ತದೆ. ರೂಪದರ್ಶಿಗಳು ಇಬ್ಬರು, ಅಜ್ಜಿ ಮತ್ತು ಮೊಮ್ಮಗಳು. ಅವರು ನಿಲ್ಲುವುದು ಮನೆಯ ಹೊಸ್ತಿಲಲ್ಲಿ, ಒಳಗಿನ ನೆರಳು ಹೊರಗಿನ ಬಿಸಿಲಿಗೆ ತಾಗುವ ಕಡೆ. ಗೋಡೆ, ಬಾಗಿಲು, ಪಾತ್ರೆ ಯಾವುದರಲ್ಲೂ ಕೆಂಪು ಇರಕೂಡದು; ಆ ಬಣ್ಣ ಸೆರಗಿಗೇ ಮೀಸಲು. ಕರ್ನಾಟಕದ ಸೀರೆ ಎಂದೊಡನೆ ಹಂಪಿಯ ಕಂಬಗಳಿಗೆ ಓಡುವ ಚಪಲಕ್ಕೂ ಈ ವಾಕ್ಯವೇ ಕಡಿವಾಣ.

ಆಮೇಲಿನ ಹೆಜ್ಜೆ ಮೂಡ್ ಬೋರ್ಡ್. ಹಳೆಯ ಫೋಟೊ, ಬಟ್ಟೆಯ ತುಂಡು, ಬಣ್ಣದ ಚೀಟಿ, ಸಿನಿಮಾ ದೃಶ್ಯ ಎಲ್ಲವನ್ನೂ ಒಂದು ಹಲಗೆಯ ಮೇಲೆ ಜೋಡಿಸುತ್ತಾರೆ. ಛಾಯಾಗ್ರಾಹಕ, ಸ್ಟೈಲಿಸ್ಟ್, ಮೇಕಪ್‌ನವರು ತಲೆಗೊಂದು ಚಿತ್ರ ಕಲ್ಪಿಸಿಕೊಳ್ಳದಿರಲೆಂದು ಈ ಏರ್ಪಾಡು. ಅಂತರ್ಜಾಲದಲ್ಲಿ ಎಲ್ಲರಿಗೂ ಸಿಗುವ ಚಿತ್ರಗಳನ್ನೇ ಅಂಟಿಸಿದರೆ ಪ್ರಚಾರವೂ ಎಲ್ಲರದರಂತೆಯೇ ಆಗುತ್ತದೆ. ತೆಗೆಯಬೇಕಾದ ಚಿತ್ರಗಳ ಪಟ್ಟಿ, ಅಂದರೆ ಶಾಟ್ ಲಿಸ್ಟ್, ಬರೆಯುವಾಗ ಅಳತೆಯ ಲೆಕ್ಕವೂ ಬೇಕು: ಹೋರ್ಡಿಂಗ್ ಅಡ್ಡ, ಮೊಬೈಲ್ ಪರದೆ ಉದ್ದ. ಒಂದೇ ಚೌಕಟ್ಟನ್ನು ನಂಬಿ ಬಂದವರು ಆಮೇಲೆ ಸೆರಗನ್ನೇ ಕತ್ತರಿಸಬೇಕಾಗುತ್ತದೆ.

ಒಂದಕ್ಕೊಂದು ವಿರುದ್ಧವಾದವನ್ನು ಪಕ್ಕಪಕ್ಕ ಇಟ್ಟಾಗಲೂ ಚಿತ್ರ ಹೇಗೆ ಹುಟ್ಟುತ್ತದೆ ಎಂಬುದಕ್ಕೆ ಛಾಯಾಗ್ರಾಹಕ ರಿಚರ್ಡ್ ಅವೆಡಾನ್ 1955ರ ಆಗಸ್ಟ್‌ನಲ್ಲಿ ಪ್ಯಾರಿಸ್‌ನ ಸರ್ಕಸ್ಸೊಂದರಲ್ಲಿ ತೆಗೆದ ಫೋಟೊ ನೋಡಬೇಕು. ಅದು ‘ಹಾರ್ಪರ್ಸ್ ಬಜಾರ್’ ಪತ್ರಿಕೆಗೆ ತೆಗೆದದ್ದು, ಜಾಹೀರಾತಲ್ಲ; ಆದರೂ ಪಾಠ ಅದೇ. ಡಿಯೋರ್ ಸಂಸ್ಥೆಯ ಕಪ್ಪು ಗೌನ್ ತೊಟ್ಟ ರೂಪದರ್ಶಿ ಡೊವಿಮಾ ಆನೆಗಳ ನಡುವೆ ಕೈಚಾಚಿ ನಿಂತಿದ್ದಾಳೆ. ಆನೆಯ ಸುಕ್ಕುಗಟ್ಟಿದ ಚರ್ಮದ ಪಕ್ಕದಲ್ಲಿ ಬಟ್ಟೆಯ ನುಣುಪು ಎದ್ದು ಕಾಣುತ್ತದೆ, ಕಾಲಿನ ಸರಪಳಿಯ ಪಕ್ಕದಲ್ಲಿ ತೋಳಿನ ಬಳುಕು. ಸೊಂಟದ ಬಿಳಿ ಪಟ್ಟಿ ಎಡಕ್ಕೆ ಹಾರಿದ್ದರೆ ಚಿತ್ರದ ರೇಖೆ ಪೂರ್ಣವಾಗುತ್ತಿತ್ತು ಎಂದು ಅವೆಡಾನ್ ಮುಂದೆ ಕೊರಗಿದ್ದುಂಟು. ಒಂದು ಪಟ್ಟಿಯ ದಿಕ್ಕಿಗೂ ಇಷ್ಟು ಬೆಲೆ.

ಕಾನ್ಸೆಪ್ಟ್ ಬಟ್ಟೆಯನ್ನೇ ಮೀರಿ ಬೆಳೆದ ಪ್ರಸಂಗವೂ ಇದೆ. ಇಟಲಿಯ ಬೆನೆಟನ್ ಬಣ್ಣಬಣ್ಣದ ಸ್ವೆಟರುಗಳಿಗೆ ಹೆಸರಾದ ಕಂಪನಿ. 1982ರಲ್ಲಿ ಅಲ್ಲಿಗೆ ಬಂದ ಛಾಯಾಗ್ರಾಹಕ ಒಲಿವಿಯೆರೊ ತೋಸ್ಕಾನಿ ‘ಬಣ್ಣ’ ಎಂಬ ಮಾತನ್ನೇ ಹಿಡಿದು ಅದನ್ನು ಮನುಷ್ಯರ ಮೈಬಣ್ಣಕ್ಕೆ ಎಳೆದ. ಬೇರೆ ಬೇರೆ ಜನಾಂಗದ ಮಕ್ಕಳು ಸ್ವೆಟರ್ ತೊಟ್ಟು ಒಟ್ಟಿಗೆ ನಕ್ಕರು. ಬಟ್ಟೆಗೂ ಮಾತಿಗೂ ಅಷ್ಟು ಚೆನ್ನಾಗಿ ಹೊಂದಿದ ಜಾಹೀರಾತು ವಿರಳ. ಬರಬರುತ್ತಾ ಸ್ವೆಟರ್ ಮಾಯವಾಯಿತು. 1992ರಲ್ಲಿ ಏಡ್ಸ್‌ನಿಂದ ಸಾಯುತ್ತಿದ್ದ ಯುವಕನ ಪತ್ರಿಕಾ ಚಿತ್ರಕ್ಕೆ ಬಣ್ಣ ತುಂಬಿ ಜಾಹೀರಾತು ಮಾಡಿದರು. ಅದನ್ನು ಮೆಚ್ಚಿದವರೂ ಇದ್ದರು, ಸಂಕಟವನ್ನು ಮಾರುತ್ತಿದ್ದಾರೆಂದು ಸಿಟ್ಟಾದವರೂ ಇದ್ದರು. 2000ದಲ್ಲಿ ಅಮೆರಿಕದ ಮರಣದಂಡನೆಯ ಕೈದಿಗಳ ಭಾವಚಿತ್ರಗಳು ಬಂದಾಗ ಅಲ್ಲಿನ ಸಿಯರ್ಸ್ ಅಂಗಡಿಗಳು ಬೆನೆಟನ್ ಜೊತೆಗಿನ ಒಪ್ಪಂದವನ್ನು ಮುರಿದುಕೊಂಡವು. ತೋಸ್ಕಾನಿ ಅದೇ ವರ್ಷ ಕಂಪನಿ ಬಿಟ್ಟ.