ಬಿಟ್ಟಿದ್ದು ಎಣ್ಣೆ, ಹಿಡಿದಿದ್ದು ಮೈ

“ಕುಡೀತಿದ್ದಾಗ ಏನೂ ಇರ್ಲಿಲ್ಲ. ಬಿಟ್ಟ ಮೇಲೇ ಮಂಡಿ, ಸೊಂಟ, ಭುಜ ಎಲ್ಲಾ ಹಿಡ್ಕಂಡದೆ.” ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ಕಡೆ ಮದ್ಯವರ್ಜನ ಶಿಬಿರ ಮುಗಿಸಿ ಮನೆಗೆ ಮರಳಿದವರ ಬಾಯಲ್ಲಿ ಈ ಮಾತು ಸಾಮಾನ್ಯ. ಕೇಳಿದ ಹೆಂಡತಿ ಮಕ್ಕಳಿಗೆ ದಿಗಿಲು. ಅಷ್ಟರಲ್ಲಿ ಜಗಲಿ ಮೇಲೆ ಕೂತ ಯಾರೋ ಒಬ್ಬರು, “ಒಂದೇ ಸಲ ಬಿಡ್ಬಾರ್ದಿತ್ತು ಕಣಪ್ಪ, ದಿನಾ ಒಂಚೂರು ಹಾಕ್ಕಂಡಿದ್ರೆ ಮೈ ಸಡ್ಲಾಗ್ತಿತ್ತು” ಎಂದು ಬುದ್ಧಿ ಹೇಳಿರುತ್ತಾರೆ. ಬಾಟಲಿ ಬಿಟ್ಟವರನ್ನು ಮತ್ತೆ ಬಾಟಲಿಗೆ ಕಳಿಸಲು ಇಷ್ಟು ಸಾಕು.

ಆ ನೋವು ಸುಳ್ಳಲ್ಲ, ಸೋಮಾರಿತನದ ನೆಪವೂ ಅಲ್ಲ. ಅದರ ಹಿಂದೆ ಒಂದಲ್ಲ, ಹಲವು ಕಾರಣಗಳಿರುತ್ತವೆ. ಕೆಲವು ತಾವಾಗಿಯೇ ಹೋಗುತ್ತವೆ. ಕೆಲವಕ್ಕೆ ಔಷಧ ಬೇಕು. ಒಂದಂತೂ ತಡಮಾಡಿದರೆ ಕೀಲನ್ನೇ ತಿಂದುಹಾಕುತ್ತದೆ. ಯಾವುದು ಯಾವುದೆಂದು ಬೇರ್ಪಡಿಸದೆ ಎಲ್ಲಕ್ಕೂ “ವಾಯು” ಎಂದು ಹೆಸರಿಟ್ಟು ಎಣ್ಣೆ ತಿಕ್ಕುತ್ತಾ ಕೂರುವುದು ನನಗೆ ಸಂಕಟ ತರುವ ಸಂಗತಿ.

ಈ ಸೀಮೆಯ ದುಡಿಮೆಯನ್ನು ನೋಡಿ. ಹಾಸನದ ಸುತ್ತ ಆಲೂಗಡ್ಡೆ ಮೂಟೆ ಹೊರಬೇಕು. ರಾಮನಾಥಪುರ, ಕೊಣನೂರಿನ ಕಡೆ ಹೊಗೆಸೊಪ್ಪು ಮುರಿದು ಬ್ಯಾರನ್ನಿಗೆ ಏರಿಸಬೇಕು, ಶುಂಠಿ ಕೀಳಬೇಕು. ಚನ್ನರಾಯಪಟ್ಟಣದ ಕಡೆ ಬೆಳಗಿನಿಂದ ಸಂಜೆಯವರೆಗೆ ತೆಂಗಿನಕಾಯಿ ಸುಲಿಯಬೇಕು. ಸಂಜೆಯ ಮೊದಲ ಕ್ವಾರ್ಟರ್ ಬಹಳ ಜನರಿಗೆ ಮೋಜಿಗಾಗಿ ಶುರುವಾದದ್ದಲ್ಲ, ಮೈಕೈ ನೋವಿಗಾಗಿ ಶುರುವಾದದ್ದು. 2007ರ ಜುಲೈ 1ರಿಂದ ಕರ್ನಾಟಕದಲ್ಲಿ ಸಾರಾಯಿ ನಿಂತಿತು. ಪ್ಯಾಕೆಟ್ ಸಾರಾಯಿಯ ಜಾಗಕ್ಕೆ ಅಗ್ಗದ ಬ್ರಾಂದಿ, ವಿಸ್ಕಿ ಬಂದವು. ಮೂಟೆ ಮಾತ್ರ ಹಾಗೇ ಉಳಿಯಿತು, ಮೂಟೆ ಹೊತ್ತ ಸೊಂಟದ ನೋವೂ ಉಳಿಯಿತು.

ಮದ್ಯ ನೋವನ್ನು ಅಡಗಿಸುತ್ತದೆ ಎಂಬುದು ನಿಜವೇ. ಬ್ರಿಟನ್ನಿನ ಗ್ರೀನ್‌ವಿಚ್ ವಿಶ್ವವಿದ್ಯಾಲಯದ ಸಂಶೋಧಕರು 404 ಜನರ ಮೇಲೆ ನಡೆದಿದ್ದ 18 ಪ್ರಯೋಗಗಳನ್ನು ಒಟ್ಟಿಗೆ ತೂಗಿ 2017ರಲ್ಲಿ ಪ್ರಕಟಿಸಿದರು. ರಕ್ತದಲ್ಲಿ ಮದ್ಯ ಶೇಕಡ 0.08 ಮುಟ್ಟಿದಾಗ ನೋವಿನ ತೀವ್ರತೆ ಎದ್ದು ಕಾಣುವಷ್ಟು ತಗ್ಗಿತ್ತು. ಆದರೆ ಆ ಪ್ರಮಾಣ ಎಷ್ಟೆಂದು ಗಮನಿಸಬೇಕು. ನಮ್ಮಲ್ಲಿ ವಾಹನ ಓಡಿಸುವವರಿಗೆ 100 ಮಿಲಿಲೀಟರ್ ರಕ್ತಕ್ಕೆ 30 ಮಿಲಿಗ್ರಾಂ ಮಿತಿ, ಇದು 80 ಮಿಲಿಗ್ರಾಂ. ನೋವು ಮರೆಯುವಷ್ಟು ಕುಡಿದವನು ಮಿತಿಯನ್ನು ಎರಡೂವರೆ ಪಟ್ಟು ದಾಟಿರುತ್ತಾನೆ. ಮೈ ಒಗ್ಗಿಕೊಂಡ ಹಾಗೆಲ್ಲ ಅದೇ ಆರಾಮಕ್ಕೆ ಇನ್ನಷ್ಟು ಸುರಿಯಬೇಕಾಗುತ್ತದೆ. ಹೀಗೆ ಹತ್ತು ಹದಿನೈದು ವರ್ಷ ಸವೆದ ಮಂಡಿ, ಜಾರಿದ ಬೆನ್ನುಮೂಳೆಯ ಬಿಲ್ಲೆ, ಯಾವಾಗಲೋ ಬಿದ್ದು ಉಳುಕಿದ ಭುಜ ಇವೆಲ್ಲ ಎಣ್ಣೆಯ ಮರೆಯಲ್ಲಿ ಕಾಣದೇ ಇರುತ್ತವೆ. ಮರೆ ಸರಿದ ದಿನ ಒಟ್ಟಿಗೇ ಕಾಣಿಸಿಕೊಳ್ಳುತ್ತವೆ.

ಮೊದಲ ವಾರದ ನೋವಿಗೆ ಇನ್ನೊಂದು ಕಾರಣವೂ ಇದೆ. ಮದ್ಯವು ಮಿದುಳಿನಲ್ಲಿ ಗಾಬಾ ಎಂಬ ಶಾಂತಗೊಳಿಸುವ ರಾಸಾಯನಿಕದ ಕೈ ಬಲಪಡಿಸುತ್ತದೆ, ಗ್ಲುಟಮೇಟ್ ಎಂಬ ಕೆರಳಿಸುವ ರಾಸಾಯನಿಕದ ಕೈ ಕಟ್ಟುತ್ತದೆ. ದಿನವೂ ಹೀಗಾದರೆ ಮಿದುಳು ಸುಮ್ಮನಿರುವುದಿಲ್ಲ, ಸಮತೋಲಕ್ಕಾಗಿ ಕೆರಳಿಸುವ ಕಡೆಯನ್ನು ಹೆಚ್ಚಿಸಿಕೊಳ್ಳುತ್ತದೆ. ಹಗ್ಗಜಗ್ಗಾಟದಲ್ಲಿ ಒಂದು ಕಡೆಯವರು ದಿಢೀರನೆ ಹಗ್ಗ ಬಿಟ್ಟರೆ ಇನ್ನೊಂದು ಕಡೆಯವರು ಮುಗ್ಗರಿಸುತ್ತಾರಲ್ಲ, ಕುಡಿತ ನಿಂತ ದಿನ ನರಮಂಡಲದ ಸ್ಥಿತಿ ಅದು. ಕೈ ನಡುಗುತ್ತದೆ, ಬೆವರು ಕಿತ್ತುಕೊಳ್ಳುತ್ತದೆ, ನಿದ್ದೆ ಹಾರಿಹೋಗುತ್ತದೆ. ನೋವನ್ನು ಸಾಗಿಸುವ ನರಗಳೂ ಕೆರಳಿರುವುದರಿಂದ ನಿನ್ನೆಯವರೆಗೆ ಗೊತ್ತೇ ಆಗದಿದ್ದ ಸಣ್ಣ ನೋವೂ ಇವತ್ತು ದೊಡ್ಡದಾಗಿ ಕೇಳುತ್ತದೆ. ಇದು ಸಾಮಾನ್ಯವಾಗಿ ಎರಡು ಮೂರನೆಯ ದಿನ ಏರಿ, ಒಂದು ವಾರದೊಳಗೆ ಇಳಿಯುತ್ತದೆ. ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆ ಮತ್ತು ಅಖಿಲ ಕರ್ನಾಟಕ ಜನಜಾಗೃತಿ ವೇದಿಕೆ ಊರವರ ಜೊತೆ ಸೇರಿ ನಡೆಸುವ ಶಿಬಿರಗಳು 8 ದಿನದವು. ಕಷ್ಟದ ದಿನಗಳನ್ನು ನಾಲ್ಕು ಜನರ ನಡುವೆ ದಾಟಿಸುವುದಕ್ಕೆ ಆ ಅವಧಿ ಒದಗಿಬರುತ್ತದೆ.

ಇಲ್ಲೊಂದು ಎಚ್ಚರಿಕೆ. ಬೆಳಗ್ಗೆ ಎದ್ದ ಕೂಡಲೇ ಕುಡಿಯಲೇಬೇಕಾದವರು, ಹಿಂದೆ ಕುಡಿತ ನಿಲ್ಲಿಸಿದಾಗ ಫಿಟ್ಸ್ ಬಂದವರು ಮನೆಯಲ್ಲಿ ತಾವಾಗಿಯೇ ಹಠಾತ್ತನೆ ಬಿಡಬಾರದು. ಮೊದಲ ಎರಡು ದಿನಗಳಲ್ಲಿ ಫಿಟ್ಸ್, ಮೂರು ನಾಲ್ಕನೆಯ ದಿನ ಭ್ರಮೆ, ಇಲ್ಲದ್ದು ಕಾಣುವುದು ಶುರುವಾಗಬಹುದು, ಜೀವಕ್ಕೂ ಅಪಾಯ. ಆಸ್ಪತ್ರೆಯಲ್ಲಿ ಕೆಲವು ದಿನದ ಔಷಧದಿಂದ ಇದನ್ನು ತಡೆಯಬಹುದು, ಜೊತೆಗೆ ವಿಟಮಿನ್ ಬಿ1 ಚುಚ್ಚುಮದ್ದನ್ನೂ ಕೊಡುತ್ತಾರೆ.

ವಾರ ಕಳೆದ ಮೇಲೂ ಉಳಿಯುವ ನೋವಿಗೆ ಬೇರೆ ಮೂಲ ಹುಡುಕಬೇಕು. ತೊಡೆ, ತೋಳಿನ ಸ್ನಾಯುಗಳನ್ನು ಮದ್ಯ ನೇರವಾಗಿ ಸವೆಸುತ್ತದೆ. ಕುಕ್ಕರುಗಾಲಲ್ಲಿ ಕೂತವರು ಮಂಡಿಗೆ ಕೈ ಊರದೆ ಏಳಲಾರರು. ಜನ ಇದನ್ನು ಮಂಡಿನೋವು ಎನ್ನುತ್ತಾರೆ, ಸೋತಿರುವುದು ತೊಡೆ. ಸಮಾಧಾನದ ವಿಷಯವೆಂದರೆ ಕುಡಿಯದೆ ಹೊಟ್ಟೆ ತುಂಬ ಉಂಡು ಓಡಾಡಿದರೆ ತಿಂಗಳುಗಳಲ್ಲಿ ಈ ಶಕ್ತಿ ಬಹುಪಾಲು ಮರಳುತ್ತದೆ. ಬಿ1 ಕೊರತೆ ಮತ್ತು ಮದ್ಯದ ವಿಷ ಸೇರಿ ನರ ಹಾಳಾದವರಿಗೆ ಅಂಗಾಲು ಉರಿ, ಜೋಮು, ಚುಚ್ಚಿದ ಹಾಗಾಗುವುದು ಎರಡೂ ಪಾದದಲ್ಲಿ ಸಮನಾಗಿ ಇರುತ್ತದೆ, ರಾತ್ರಿ ಹೆಚ್ಚು. ನರ ಚಿಗುರುವ ವೇಗ ದಿನಕ್ಕೆ ಸುಮಾರು 1 ಮಿಲಿಮೀಟರ್. ಆದ್ದರಿಂದ ಇಲ್ಲಿ ಹದಿನೈದು ದಿನದಲ್ಲಿ ಗುಣ ಹುಡುಕಬಾರದು.

ಇನ್ನು ಗೌಟ್. ಹಗಲೆಲ್ಲ ಚೆನ್ನಾಗಿದ್ದವರಿಗೆ ನಡುರಾತ್ರಿ ಕಾಲಿನ ಹೆಬ್ಬೆರಳ ಬುಡ ಕೆಂಪಗೆ ಊದಿ, ಕೆಂಡ ಇಟ್ಟ ಹಾಗೆ ಉರಿಯುತ್ತದೆ. ಹೊದ್ದ ಬೆಡ್‌ಶೀಟಿನ ಅಂಚು ತಗುಲಿದರೂ ಸಹಿಸಲಾಗದು. ಮದ್ಯ ಜೀರ್ಣವಾಗುವಾಗ ಯೂರಿಕ್ ಆಸಿಡ್ ಹೆಚ್ಚು ಹುಟ್ಟುತ್ತದೆ, ಜೊತೆಗೆ ಮೂತ್ರಪಿಂಡ ಅದನ್ನು ಹೊರಹಾಕುವುದೂ ಕಡಿಮೆಯಾಗುತ್ತದೆ. ರಕ್ತದಲ್ಲಿ ಅದು ಡೆಸಿಲೀಟರಿಗೆ ಸುಮಾರು 6.8 ಮಿಲಿಗ್ರಾಂ ಮೀರಿದರೆ ಕರಗಿ ಉಳಿಯಲಾರದೆ ಸೂಜಿಯಂಥ ಹರಳಾಗಿ ಕೀಲಲ್ಲಿ ಕೂರುತ್ತದೆ. ಅಮೆರಿಕದಲ್ಲಿ 47,150 ಗಂಡಸರನ್ನು 12 ವರ್ಷ ಗಮನಿಸಿ 2004ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಬಿಯರ್ ಕುಡಿಯುವವರಿಗೆ ಗೌಟ್ ಎಲ್ಲರಿಗಿಂತ ಹೆಚ್ಚು, ವಿಸ್ಕಿ, ಬ್ರಾಂದಿಯಂಥ ಮದ್ಯದವರಿಗೆ ಆಮೇಲಿನ ಸ್ಥಾನ.

ಹಾಗಾದರೆ ಬಿಟ್ಟ ಮೇಲೆ ಯಾಕೆ ಬರುತ್ತದೆ? ಯೂರಿಕ್ ಆಸಿಡ್ ದಿಢೀರನೆ ಏರಿದರೂ ಇಳಿದರೂ ಕೀಲೊಳಗೆ ಹಳೆಯ ಹರಳುಗಳು ಅಲುಗಿ ಉರಿ ಏಳಬಹುದು. ಮೊದಲ ದಿನಗಳ ಬೆವರು, ವಾಂತಿ, ನೀರು ಸಾಲದಿರುವುದು ಅದಕ್ಕೆ ಕುಮ್ಮಕ್ಕು. ಉರಿ ಎದ್ದಿರುವಾಗಲೇ ರಕ್ತ ಪರೀಕ್ಷೆ ಮಾಡಿಸಿದರೆ ಯೂರಿಕ್ ಆಸಿಡ್ ನಾರ್ಮಲ್ ಎಂದೇ ಬರಬಹುದು. ಅಷ್ಟಕ್ಕೇ ಗೌಟ್ ಅಲ್ಲ ಎಂದುಕೊಳ್ಳದೆ ಕೆಲವು ವಾರ ಬಿಟ್ಟು ಮತ್ತೆ ನೋಡಿಸಬೇಕು. ಯೂರಿಕ್ ಆಸಿಡ್ ಇಳಿಸುವ ಮಾತ್ರೆ ಶುರುಮಾಡಿದಾಗಲೂ ಮೊದಲ ತಿಂಗಳುಗಳಲ್ಲಿ ನೋವು ಮರುಕಳಿಸುವುದುಂಟು. ಅದನ್ನು ತಡೆಯಲು ವೈದ್ಯರು ಇನ್ನೊಂದು ಔಷಧ ಜೊತೆಗೆ ಕೊಡುತ್ತಾರೆ. “ಮಾತ್ರೆ ಆಗಿಬರಲಿಲ್ಲ” ಎಂದು ನಡುವೆ ಬಿಡಬೇಡಿ.

ಊಟದ ವಿಷಯದಲ್ಲಿ ನಮ್ಮ ಕಡೆ ತಪ್ಪು ಪಥ್ಯವೇ ಜಾಸ್ತಿ. ಯೂರಿಕ್ ಆಸಿಡ್ ಎಂದ ಕೂಡಲೇ ಅವರೆಕಾಳು, ಹುರುಳಿ ಸಾರು, ಸೊಪ್ಪು ನಿಲ್ಲಿಸುತ್ತಾರೆ, ಕೀಲಿಗೆ ಬಲ ಬರಲೆಂದು ಕಾಲು ಸೂಪು ಕುಡಿಸುತ್ತಾರೆ. ಆಗಬೇಕಾದದ್ದು ತಿರುಗಾಮುರುಗಾ. ಕಾಳು, ಸೊಪ್ಪಿನಿಂದ ಗೌಟ್ ಹೆಚ್ಚಿದ್ದು ಅಧ್ಯಯನಗಳಲ್ಲಿ ಕಂಡಿಲ್ಲ. ಮಾಂಸ, ಈಲಿ, ಬೋಟಿಯಿಂದ ಹೆಚ್ಚಿದ್ದು ಕಂಡಿದೆ. ಹಾಲು ಮೊಸರು ಒಳ್ಳೆಯದು. ರಾಗಿ ಮುದ್ದೆ, ಕಾಳಿನ ಸಾರು, ಕಡಲೆಕಾಯಿ ಬಿ1 ಕೂಡ ಕೊಡುತ್ತವೆ. ಕುಡಿತ ಬಿಟ್ಟವರಿಗೆ ಸಿಹಿಯ ಚಪಲ ಏಳುವುದು ಸಹಜ. ಆದರೆ ದಿನಕ್ಕೆರಡು ಬಾಟಲಿ ಕೂಲ್‌ಡ್ರಿಂಕ್ಸ್ ಹಿಡಿದರೆ ಅದರ ಸಕ್ಕರೆಯೂ ಯೂರಿಕ್ ಆಸಿಡನ್ನು ಏರಿಸುತ್ತದೆ. ಮಜ್ಜಿಗೆ ಕುಡಿಯಿರಿ, ಮೂತ್ರಪಿಂಡದ ತೊಂದರೆ ಇಲ್ಲದಿದ್ದರೆ ಎಳನೀರೂ ಆಗುತ್ತದೆ.

ನನಗೆ ಹೆಚ್ಚು ಭಯವಿರುವುದು ಸೊಂಟದ ಕೀಲಿನ ಬಗ್ಗೆ. ವರ್ಷಗಟ್ಟಲೆ ಕುಡಿದವರಲ್ಲಿ ತೊಡೆಮೂಳೆಯ ತಲೆಗೆ ರಕ್ತ ಹರಿಯುವುದು ಕುಂದಿ ಆ ಮೂಳೆ ಒಳಗೊಳಗೇ ಸಾಯುತ್ತದೆ. ಏಟು ಬೀಳದೆ ಬರುವ ಈ ಕಾಯಿಲೆಗೆ ಜಗತ್ತಿನಾದ್ಯಂತ ಎರಡು ಮುಖ್ಯ ಕಾರಣ: ಸ್ಟೆರಾಯ್ಡ್ ಮತ್ತು ಮದ್ಯ. ಮೂವತ್ತರಿಂದ ಐವತ್ತರ ದುಡಿಯುವ ವಯಸ್ಸಿನವರೇ ಹೆಚ್ಚು. ನೋವು ತೊಡೆಸಂದಿಯಲ್ಲಿ ಇರುತ್ತದೆ. ಎಷ್ಟೋ ಸಲ ಮಂಡಿಯಲ್ಲಿ ಕಾಣಿಸಿಕೊಂಡು ದಾರಿ ತಪ್ಪಿಸುತ್ತದೆ. ಪಂಕ್ತಿಯಲ್ಲಿ ಊಟಕ್ಕೆ ಕೂರುವಾಗ ಗೊತ್ತಾಗುತ್ತದೆ: ಎಲ್ಲರೂ ಚಕ್ಕಳಮಕ್ಕಳ ಹಾಕಿದ್ದರೆ ಇವರು ಒಂದು ಕಾಲು ಚಾಚಿಯೇ ಕೂರುತ್ತಾರೆ, ಆ ತೊಡೆ ಹೊರಕ್ಕೆ ತಿರುಗುವುದಿಲ್ಲ. ಶುರುವಿನಲ್ಲಿ ಎಕ್ಸ್‌ರೇ ಏನೂ ತೋರಿಸದಿರಬಹುದು, ಎಂಆರ್‌ಐ ಹಿಡಿಯುತ್ತದೆ. ಮೂಳೆಯ ತಲೆ ಕುಸಿಯುವ ಮುನ್ನ ಗೊತ್ತಾದರೆ ಕೀಲು ಉಳಿಸಿಕೊಳ್ಳಲು ದಾರಿಗಳಿವೆ. ಕುಸಿದ ಮೇಲೆ ಉಳಿಯುವುದು ಹೆಚ್ಚಾಗಿ ಕೀಲು ಬದಲಿಸುವ ಶಸ್ತ್ರಚಿಕಿತ್ಸೆ. ಒಂದೇ ಕಡೆ ತೊಡೆಸಂದಿ ನೋವು ಎರಡು ಮೂರು ವಾರ ಬಿಡದಿದ್ದರೆ ಮೂಳೆ ವೈದ್ಯರ ಹತ್ತಿರ “ಇಷ್ಟು ವರ್ಷ ಕುಡಿದಿದ್ದೆ” ಎಂದು ಸಂಕೋಚವಿಲ್ಲದೆ ಹೇಳಿ. ಆ ಒಂದು ಮಾತು ಪರೀಕ್ಷೆಯ ದಿಕ್ಕನ್ನೇ ಬದಲಿಸುತ್ತದೆ.

ಮಾತ್ರೆ ನುಂಗುವಾಗಲೂ ಇದೇ ಮಾತು ಹೇಳಿಯೇ ನುಂಗಬೇಕು. ಪ್ಯಾರಾಸಿಟಮಾಲ್ ಎಲ್ಲರಿಗೂ ಹಗುರವಾದ ಮಾತ್ರೆ, ಆದರೆ ಈಗಷ್ಟೇ ಕುಡಿತ ಬಿಟ್ಟವರ ಲಿವರಿಗೆ ಅಷ್ಟು ಹಗುರವಲ್ಲ. ಈ ಮಾತ್ರೆಯ ಸ್ವಲ್ಪ ಭಾಗವನ್ನು ವಿಷವಾಗಿ ಮಾರ್ಪಡಿಸುವ ಕಿಣ್ವವೊಂದು ಕುಡಿಯುವವರ ಲಿವರಿನಲ್ಲಿ ಹೆಚ್ಚಿರುತ್ತದೆ. ಕುಡಿಯುತ್ತಿರುವಷ್ಟು ಹೊತ್ತು ಆ ಕಿಣ್ವಕ್ಕೆ ಮದ್ಯವೇ ಕೆಲಸ ಕೊಟ್ಟಿರುತ್ತದೆ. ನಿಲ್ಲಿಸಿದ ಮೊದಲ ಕೆಲವು ದಿನ ಅದು ಬಿಡುವಾಗಿ ಮಾತ್ರೆಯ ಮೇಲೆ ಬೀಳುತ್ತದೆ. ಆದ್ದರಿಂದ ಇಂಥವರಿಗೆ ದಿನಕ್ಕೆ 2 ಗ್ರಾಂ ಮೀರದಂತೆ ವೈದ್ಯರು ನೋಡಿಕೊಳ್ಳುತ್ತಾರೆ. 650ರ ಮಾತ್ರೆ ಮೂರು ನುಂಗಿದರೆ ಅಷ್ಟಾಯಿತು, ಅಂಗಡಿಯ ನೆಗಡಿ ಮಾತ್ರೆಯಲ್ಲೂ ಅದೇ ಸೇರಿರುತ್ತದೆ. ಡೈಕ್ಲೋಫೆನಾಕ್, ಐಬುಪ್ರೊಫೆನ್‌ಗಳು ಮೊದಲೇ ಹುಣ್ಣಾದ ಹೊಟ್ಟೆಯಲ್ಲಿ ರಕ್ತ ಹರಿಸಬಲ್ಲವು, ಮೂತ್ರಪಿಂಡಕ್ಕೂ ಹೃದಯಕ್ಕೂ ಭಾರ. 2025ರ ಜೂನ್, ಜುಲೈನಲ್ಲಿ ಹೃದಯಾಘಾತದ ಸಾವುಗಳ ಸುದ್ದಿಗೆ ಹಾಸನ ಜಿಲ್ಲೆ ತಲ್ಲಣಿಸಿದ್ದು ಎಲ್ಲರಿಗೂ ನೆನಪಿದೆ. ಬೆವರಿನ ಜೊತೆ ಎದೆ, ಎಡಭುಜ, ದವಡೆ ಹಿಡಿದರೆ ಅದನ್ನು ಕೀಲುನೋವಿನ ಲೆಕ್ಕಕ್ಕೆ ಸೇರಿಸದೆ ತಕ್ಷಣ ಆಸ್ಪತ್ರೆಗೆ ಓಡಬೇಕು.

ಸಂತೆಯಲ್ಲಿ, ಬಸ್‌ಸ್ಟ್ಯಾಂಡಿನಲ್ಲಿ ಸಿಗುವ ಹೆಸರಿಲ್ಲದ ನೋವಿನ ಪುಡಿ ಒಂದೇ ದಿನಕ್ಕೆ ಪವಾಡ ಮಾಡಿದರೆ ಅದರಲ್ಲಿ ಸ್ಟೆರಾಯ್ಡ್ ಇರಬಹುದೆಂದು ಅನುಮಾನಿಸಿ. ಸೊಂಟದ ಮೂಳೆ ಸಾಯಿಸುವ ಇನ್ನೊಂದು ಕಾರಣ ಅದೇ. ಮೈಕೈ ನೋವಿಗೆಂದು ಮನೆಯಲ್ಲಿ ಇಡುವ ದಶಮೂಲಾರಿಷ್ಟದಂಥ ಆಸವ, ಅರಿಷ್ಟಗಳಲ್ಲಿ ಹುಳಿಯುವಿಕೆಯಿಂದ ತಾನಾಗಿ ಹುಟ್ಟಿದ ಮದ್ಯ ಇರುತ್ತದೆ. ಕುಡಿತ ಬಿಟ್ಟವರು ಆಯುರ್ವೇದ ವೈದ್ಯರಿಗೆ ಅದನ್ನು ತಿಳಿಸಿ ಕಷಾಯವನ್ನೋ ಚೂರ್ಣವನ್ನೋ ಕೇಳಿ ಪಡೆಯುವುದು ಕ್ಷೇಮ. ಕುಡಿತ ಬಿಡಿಸುವ ಡೈಸಲ್ಫಿರಾಂ ಮಾತ್ರೆ ತೆಗೆದುಕೊಳ್ಳುತ್ತಿರುವವರು ಅರಿಷ್ಟವನ್ನು ಮುಟ್ಟಲೇಬಾರದು. ಮುಖ ಕೆಂಪೇರಿ, ವಾಂತಿಯಾಗಿ, ರಕ್ತದೊತ್ತಡ ಕುಸಿಯಬಹುದು.

ಈ ಪಟ್ಟಿಗೆ ಸೇರದ, ಬರೀ ಸವೆತದ ಹಳೆಯ ನೋವಿಗೆ ಬಿಸಿನೀರಿನ ಶಾಖ, ಬೆಳಗಿನ ನಡಿಗೆ, ಕುರ್ಚಿಯಿಂದ ಕೈ ಊರದೆ ಹತ್ತು ಸಲ ಎದ್ದು ಕೂರುವ ವ್ಯಾಯಾಮ ಚೆನ್ನಾಗಿ ಕೆಲಸ ಮಾಡುತ್ತವೆ. ಮದ್ಯವಿಲ್ಲದ ನಿದ್ದೆ ನೆಟ್ಟಗಾಗಲು ವಾರಗಳು, ಕೆಲವರಿಗೆ ತಿಂಗಳುಗಳೇ ಬೇಕು. ನಿದ್ದೆಗೆಟ್ಟ ಮೈಗೆ ನೋವು ದುಪ್ಪಟ್ಟು. ಅದಕ್ಕೇ ಮೊದಲ ತಿಂಗಳು ಮೂಟೆ ಹೊರುವ ಕೆಲಸಕ್ಕೆ ಕಳಿಸದೆ ಹಗುರ ಕೆಲಸ ಕೊಡಿಸುವುದು ಮನೆಯವರು ಮಾಡಬಹುದಾದ ದೊಡ್ಡ ಉಪಕಾರ.

ನೋವು ತಗ್ಗಿದವರು ಮತ್ತೆ ಕುಡಿತಕ್ಕೆ ಬೀಳುವುದು ಕಡಿಮೆ ಎಂದು ವ್ಯಸನ ಚಿಕಿತ್ಸೆಯ ಅಧ್ಯಯನಗಳು ತೋರಿಸಿವೆ. ಆದರೂ ಮನೋವೈದ್ಯರು ಒಂದು ಕಡೆ, ಮೂಳೆ ವೈದ್ಯರು ಇನ್ನೊಂದು ಕಡೆ ಎಂಬಂತಿದೆ ನಮ್ಮ ವ್ಯವಸ್ಥೆ. ಎರಡನ್ನೂ ಒಂದೇ ದಿನ ಮುಗಿಸಿಕೊಳ್ಳಲು ದಾರಿಯಿದೆ. ಮನೋಚೈತನ್ಯ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಗಳಿಗೆ ಮಂಗಳವಾರ ಮನೋವೈದ್ಯರು ಬರುವ ಏರ್ಪಾಡಿದೆ. ಆ ದಿನವೇ ಕೀಲನ್ನೂ ತೋರಿಸಿಕೊಂಡು ಬರಬಹುದು. ಹೆಚ್ಚಿನದಕ್ಕೆ ಹಾಸನದ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯ ಬೋಧನಾ ಆಸ್ಪತ್ರೆ ಇದೆ, ಬೆಂಗಳೂರಿನಲ್ಲಿ ನಿಮ್ಹಾನ್ಸ್‌ನ ವ್ಯಸನ ಚಿಕಿತ್ಸಾ ಕೇಂದ್ರವಿದೆ. ರಾತ್ರಿ ಎರಡು ಗಂಟೆಗೆ ನೋವು ತಡೆಯಲಾರದೆ ಕೈ ಬಾಟಲಿಯತ್ತ ಹೋಗುವಂತಾದರೆ ಟೆಲಿಮಾನಸ್ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತಾಡುತ್ತಾರೆ. ಶಿಬಿರ ಮುಗಿಸಿದವರು ಸೇರುವ ನವಜೀವನ ಸಮಿತಿಯ ಸಭೆಗಳಲ್ಲಿ “ಕುಡಿದಿಯಾ?” ಎಂದು ವಿಚಾರಿಸುವವರು ಅದರ ಜೊತೆಗೇ ಇನ್ನೂ ಮೂರು ಪ್ರಶ್ನೆ ಕೇಳಲಿ: ಚಕ್ಕಳಮಕ್ಕಳ ಕೂರೋಕಾಗ್ತದಾ, ಅಂಗಾಲು ಉರೀತದಾ, ರಾತ್ರಿ ನಿದ್ದೆ ಬರ್ತದಾ?