ಕುಂಚ ಹಿಡಿದ ಬ್ರದರ್, ಗದ್ದುಗೆ ಏರಿದ ಬ್ರದರ್

ನಿಟ್ಟೂರಿನಿಂದ ನಾಗೋಡಿ ಘಾಟಿ ಇಳಿದು, ಕೊಲ್ಲೂರು ದಾಟಿ ಮಂಗಳೂರಿಗೆ ಹೋಗುವವರು ಹೆಚ್ಚಾಗಿ ಆಸ್ಪತ್ರೆಗೋ ಮಕ್ಕಳ ಕಾಲೇಜು ಸೀಟಿಗೋ ಹೋಗುತ್ತಾರೆ. ನಾನೂ ಸೀಟು ವಿಚಾರಿಸಲೆಂದೇ ಹೋಗಿದ್ದೆ. ಕೆಲಸ ಬೇಗ ಮುಗಿಯಿತೆಂದು ಲೈಟ್‌ಹೌಸ್ ಹಿಲ್‌ನ ಸೇಂಟ್ ಅಲೋಶಿಯಸ್ ಚಾಪೆಲ್ ಒಳಗೆ ಕಾಲಿಟ್ಟು ಕತ್ತೆತ್ತಿದ್ದೇ ತಡ, ಬಸ್ಸಿನ ಹೊತ್ತು ಮರೆತುಹೋಯಿತು. ಚಾವಣಿ, ಕಮಾನು, ಗೋಡೆ, ಎಲ್ಲಿ ನೋಡಿದರೂ ಚಿತ್ರ. ಬರೆದವರು ಇಟಲಿಯ ಆಂಟೋನಿಯೊ ಮೊಸ್ಕೆನಿ. ಯೇಸು ಸಭೆಯವರು, ಅಂದರೆ ಜೆಸ್ವಿಟ್. ಆದರೆ ಫಾದರ್ ಅಲ್ಲ, ಬ್ರದರ್.

ಬೆರ್ಗಮೊ ಹತ್ತಿರದ ಸ್ಟೆಜ್ಜಾನೊದಲ್ಲಿ 1854ರಲ್ಲಿ ಹುಟ್ಟಿದ ಮೊಸ್ಕೆನಿ ಚಿತ್ರಕಲೆ ಕಲಿತ ಮೇಲೆ ಸಭೆ ಸೇರಿದವರು. 1899ರಲ್ಲಿ ಮಂಗಳೂರಿಗೆ ಬಂದರು. ಇಟಲಿಯ ಯೇಸು ಸಭೆಯವರು ಅಲ್ಲಿಗೆ ಕಾಲಿಟ್ಟದ್ದು 1878ರ ಕೊನೆಯ ದಿನ. ಕಾಲೇಜು 1880ರಲ್ಲಿ ಶುರುವಾಯಿತು, ಚಾಪೆಲ್ ಅದರ ಹಿಂದೆಯೇ ಎದ್ದಿತ್ತು. ಗೋಡೆಗಳು ಮಾತ್ರ ಬೋಳಾಗಿದ್ದವು.

ಗೋಡೆಯ ಚಿತ್ರಗಳು ಫ್ರೆಸ್ಕೊ. ಸುಣ್ಣದ ಗಾರೆ ಹಸಿಯಾಗಿರುವಾಗಲೇ ಬಣ್ಣ ಹಚ್ಚಬೇಕು. ಗಾರೆ ಒಣಗುತ್ತ ಬಣ್ಣವನ್ನು ತನ್ನೊಳಗೇ ಹಿಡಿದುಕೊಳ್ಳುತ್ತದೆ. ಆ ದಿನ ಎಷ್ಟು ಗಾರೆ ಬಳಿದರೋ ಅಷ್ಟು ಚಿತ್ರ ಅದೇ ದಿನ ಮುಗಿಯಬೇಕು. ಗೆರೆ ತಪ್ಪಿದರೆ ಒರೆಸುವ ಹಾಗಿಲ್ಲ, ಗಾರೆ ಕೆತ್ತಿ ತೆಗೆದು ಮತ್ತೆ ಬಳಿಯಬೇಕು. ಚಾವಣಿಯ ದೊಡ್ಡ ಚಿತ್ರಗಳು ಕ್ಯಾನ್ವಾಸಿನ ಮೇಲಿನ ತೈಲವರ್ಣ. ಅಲ್ಲಿರುವುದು ಸಂತ ಅಲೋಶಿಯಸರ ಜೀವನ. ನನ್ನ ಕಣ್ಣು ಹೆಚ್ಚು ಹೊತ್ತು ನಿಂತದ್ದು ಮಕ್ಕಳನ್ನು ಹತ್ತಿರ ಕರೆದ ಯೇಸುವಿನ ಚಿತ್ರದ ಮೇಲೆ. ಶಾಲೆಯ ಆವರಣದಲ್ಲಿ ಅದಕ್ಕಿಂತ ಸರಿಯಾದ ಚಿತ್ರ ಇನ್ನಾವುದು? ಈ ಚಾಪೆಲನ್ನು ವ್ಯಾಟಿಕನ್‌ನ ಸಿಸ್ಟೈನ್ ಚಾಪೆಲ್‌ಗೆ ಹೋಲಿಸುವುದು ರೂಢಿ. ನನಗೆ ಆ ಹೋಲಿಕೆ ಬೇಕೆನಿಸಲಿಲ್ಲ. ಕರಾವಳಿಯ ಮಳೆ, ತೇವ, ಉಪ್ಪುಗಾಳಿಯಲ್ಲಿ ನೂರಿಪ್ಪತ್ತು ವರ್ಷ ದಾಟಿ ಈ ಚಿತ್ರಗಳು ಉಳಿದಿವೆಯಲ್ಲ, ಅಷ್ಟು ಸಾಕು. 1990ರ ದಶಕದ ಆರಂಭದಲ್ಲಿ ಇಂಟಾಕ್ ಸಂಸ್ಥೆಯವರು ಇವನ್ನು ಜೋಪಾನವಾಗಿ ದುರಸ್ತಿ ಮಾಡಿದರು. ಮೊಸ್ಕೆನಿ ಇಲ್ಲಿಂದ ಮುಂದೆ ಕೊಚ್ಚಿಯ ಸಾಂತಾಕ್ರೂಸ್ ಬೆಸಿಲಿಕಾಕ್ಕೂ ಚಿತ್ರ ಬರೆದು, 1905ರ ನವೆಂಬರಿನಲ್ಲಿ ಅಲ್ಲೇ ತೀರಿಕೊಂಡರು.

ಮೊಸ್ಕೆನಿಯಂಥ ಬ್ರದರ್‌ಗಳು ಸಭೆಯ ಯಾವ ಮನೆಗೂ ಮುಖ್ಯಸ್ಥರಾಗುವಂತಿರಲಿಲ್ಲ. ಕಾರಣ ಒಂದೇ, ಗುರುದೀಕ್ಷೆ ಇಲ್ಲ.

ಶಿವಮೊಗ್ಗ ಧರ್ಮಕ್ಷೇತ್ರದಲ್ಲಿ, ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯ ಚರ್ಚುಗಳಲ್ಲೂ, ರಜೆಗೆ ಬರುವ ಸೆಮಿನರಿ ಹುಡುಗರನ್ನು ಜನ ಬ್ರದರ್ ಎಂದೇ ಕರೆಯುತ್ತಾರೆ. ಹಾಗಾಗಿ ಜೀವನಪೂರ್ತಿ ಬ್ರದರ್ ಆಗಿಯೇ ಇರುವವರಿಗೂ 'ನೀವು ಫಾದರ್ ಆಗೋದು ಯಾವಾಗ?' ಎಂಬ ಪ್ರಶ್ನೆ ತಪ್ಪಿದ್ದಲ್ಲ. ಬಡತನ, ಬ್ರಹ್ಮಚರ್ಯ, ವಿಧೇಯತೆಯ ವ್ರತಗಳು ಸಭೆಯ ಫಾದರ್, ಬ್ರದರ್ ಇಬ್ಬರಿಗೂ ಒಂದೇ. ಬ್ರದರ್ ಬಲಿಪೂಜೆ ಅರ್ಪಿಸುವುದಿಲ್ಲ, ಪಾಪನಿವೇದನೆ ಕೇಳುವುದಿಲ್ಲ, ಅಷ್ಟೇ ವ್ಯತ್ಯಾಸ. ಮಯೋರ್ಕಾದ ಯೇಸು ಸಭೆಯ ಕಾಲೇಜಿನಲ್ಲಿ ಬಾಗಿಲು ಕಾಯುತ್ತಿದ್ದ ಬ್ರದರ್ ಅಲ್ಫೋನ್ಸಸ್ ರೊಡ್ರಿಗಸ್ 1888ರಲ್ಲಿ ಸಂತರಾದರು. ಮಾಂಟ್ರಿಯಲ್‌ನ ಕಾಲೇಜಿನಲ್ಲಿ ಅದೇ ಕೆಲಸ ಮಾಡಿದ ಬ್ರದರ್ ಆಂದ್ರೆ ಬೆಸೆಟ್ 2010ರಲ್ಲಿ ಸಂತರಾದರು. ಬಾಗಿಲು ಕಾದವರನ್ನು ಪೀಠದ ಮೇಲಿಟ್ಟ ಧರ್ಮಸಭೆ, ಅವರ ಜೊತೆಯವರಿಗೆ ಆಡಳಿತದ ಕುರ್ಚಿ ಕೊಡಲು ಯಾಕಿಷ್ಟು ತಡ ಮಾಡಿತು?

2022ರ ಮೇ 18ರಂದು ಪೋಪ್ ಫ್ರಾನ್ಸಿಸ್ ಆ ಬಾಗಿಲು ತೆರೆದರು. ಗುರುಗಳೂ ಬ್ರದರ್‌ಗಳೂ ಕೂಡಿರುವ ಸಭೆಗಳಲ್ಲಿ ಬ್ರದರ್ ಒಬ್ಬರನ್ನು ಸ್ಥಳೀಯ ಮನೆಯ ಮುಖ್ಯಸ್ಥರನ್ನಾಗಿ ಮಾಡಲು ಇಡೀ ಸಭೆಯ ಮುಖ್ಯಸ್ಥರಾದ ಮಹಾಶ್ರೇಷ್ಠರು ಮತ್ತು ಅವರ ಮಂಡಳಿ ಒಪ್ಪಿದರೆ ಸಾಕು. ಪ್ರಾಂತ್ಯದ ಮುಖ್ಯಸ್ಥರಾದ ಪ್ರೊವಿನ್ಷಿಯಲ್ ಅಥವಾ ಮಹಾಶ್ರೇಷ್ಠರ ಹುದ್ದೆಯಾದರೆ ರೋಮಿನ ಲಿಖಿತ ಅನುಮತಿ ಬೇಕು. ಅದೇ ವರ್ಷ ಪವಿತ್ರ ಶಿಲುಬೆ ಸಭೆ, ಅಂದರೆ ಹೋಲಿ ಕ್ರಾಸ್‌ನವರು, ಅಮೆರಿಕದ ಬ್ರದರ್ ಪಾಲ್ ಬೆಡ್ನಾರ್ಚಿಕ್ ಅವರನ್ನು ಮಹಾಶ್ರೇಷ್ಠರನ್ನಾಗಿ ಆರಿಸಿದರು. ಆಂದ್ರೆ ಬೆಸೆಟ್ ಇದೇ ಸಭೆಯವರು. 1837ರಲ್ಲಿ ಬೆಸಿಲ್ ಮೊರೊ ಗುರುಗಳನ್ನೂ ಬ್ರದರ್‌ಗಳನ್ನೂ ಒಂದೇ ಸೂರಿನಡಿ ತಂದು ಕಟ್ಟಿದ ಈ ಸಭೆಗೆ ಬ್ರದರ್ ಒಬ್ಬರು ಒಡೆಯರಾಗಲು 185 ವರ್ಷ ಬೇಕಾಯಿತು.

ಬ್ರದರ್‌ಗಳೇ ಇರುವ ಸಭೆಗಳ ಮಾತು ಬೇರೆ. ಡಿ ಲಾ ಸಾಲ್, ಮಾಂಟ್‌ಫೋರ್ಟ್, ಪ್ಯಾಟ್ರಿಷಿಯನ್ ಬ್ರದರ್‌ಗಳು ಮೊದಲಿನಿಂದಲೂ ತಮ್ಮ ಶಾಲೆಗಳನ್ನು ತಾವೇ ನಡೆಸಿಕೊಂಡು ಬಂದವರು. ನನ್ನ ಆಸೆ ಇರುವುದು ನಮ್ಮ ಮಲೆನಾಡಿನಂಥ ಕಡೆಯ ಶಾಲೆಗಳ ಮೇಲೆ. ಇಲ್ಲಿ ಚರ್ಚಿನ ಗುರುಗಳೇ ಸಾಮಾನ್ಯವಾಗಿ ಶಾಲೆಯ ಸಂಚಾಲಕರೂ ಹೌದು. ಅಡಿಕೆ ತೋಟಗಳ ನಡುವೆ ಚೆದುರಿ ಬಿದ್ದ ಮನೆಗಳು, ಬಿಡದ ಮಳೆ, ಒಂದು ಕಡೆ ಸಾವು, ಇನ್ನೊಂದು ಕಡೆ ಮದುವೆ, ಭಾನುವಾರದ ಪೂಜೆ. ಶಾಲೆಗೆ ಉಳಿಯುವುದು ಮಿಕ್ಕ ಹೊತ್ತು. ಬ್ರದರ್‌ಗಾದರೆ ಶಾಲೆಯೇ ಪೂರ್ತಿ ಕೆಲಸ. ಸೋರುವ ಮಾಡೂ ಅವರ ಕಣ್ಣಿಗೆ ಬೀಳುತ್ತದೆ, ಗೈರಾದ ಹುಡುಗಿಯೂ ನೆನಪಿರುತ್ತಾಳೆ. ಅಂಥವರ ಕೈಗೆ ಸಹಿ ಹಾಕುವ ಅಧಿಕಾರವೂ ಸಿಗಲಿ. ರೋಮಿನ ಪತ್ರ ಬೇಕೆಂಬ ಷರತ್ತನ್ನೂ ಮುಂದೆ ಕೈಬಿಟ್ಟು, ಬ್ರದರ್ ಆಯ್ಕೆಯಾದರೆ ಫಾದರ್ ಆಯ್ಕೆಯಾದಷ್ಟೇ ಸಹಜವಾಗಿ ಸ್ವೀಕರಿಸುವಂತಾಗಬೇಕು.