ಒಂದು ಗಂಟೆ ಹಾರಾಟಕ್ಕೆ ಎಷ್ಟು ಕಿಲೋ ಅಡಿಕೆ?

ಬಜಪೆಗೆ ಇಳಿಯುವ ವಿಮಾನದ ಸದ್ದು ನಾರಾವಿಯ ನಮ್ಮ ತೋಟದವರೆಗೆ ಕೇಳಿಸಿದರೆ ಸಾಕು, ಒಂಬತ್ತನೇ ತರಗತಿಯ ನನ್ನ ಮೊಮ್ಮಗಳು ಅಂಗಳಕ್ಕೆ ಓಡುತ್ತಾಳೆ. "ಅಜ್ಜ, ವಿಮಾನ ಬಿಡಲು ಕಲಿಯಲಿಕ್ಕೆ ಎಷ್ಟು ದುಡ್ಡು ಬೇಕು?" ಎಂಬುದು ಈಚೆಗೆ ಅವಳ ಪ್ರಶ್ನೆ. "ತುಂಬಾ" ಎಂದು ನುಣುಚಿಕೊಳ್ಳಬಹುದಿತ್ತು. ಆದರೆ ಲೆಕ್ಕ ಕೇಳಿದವಳಿಗೆ ಲೆಕ್ಕವನ್ನೇ ಕೊಡಬೇಕಲ್ಲ? ವಿಚಾರಿಸಿ ನೋಡಿದೆ. ಇಂಥ ಪ್ರಶ್ನೆ ಕೇಳುವ ಮಕ್ಕಳು ನಿಮ್ಮ ಮನೆಯಲ್ಲೂ ಇದ್ದಾರು.

ನಮ್ಮ ದೇಶದಲ್ಲಿ ಪೈಲಟ್ ಲೈಸೆನ್ಸ್ ಕೊಡುವುದು ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ, ಅಂದರೆ ಡಿಜಿಸಿಎ. ಹತ್ತನೇ ತರಗತಿ ಪಾಸಾಗಿ 16 ವರ್ಷ ತುಂಬಿದವರಿಗೆ ವಿದ್ಯಾರ್ಥಿ ಲೈಸೆನ್ಸ್ ಸಿಗುತ್ತದೆ. ಕಾರು ಕಲಿಯುವವರ ಎಲ್‌ಎಲ್‌ಆರ್ ಇದ್ದ ಹಾಗೆ. 17 ತುಂಬಿದ ಮೇಲೆ, ಕನಿಷ್ಠ 40 ಗಂಟೆ ಹಾರಿದ್ದರೆ ಖಾಸಗಿ ಲೈಸೆನ್ಸ್. ಇದರಲ್ಲಿ ಸಂತೋಷಕ್ಕೆ ಹಾರಬಹುದು, ಸಂಬಳ ಪಡೆಯುವಂತಿಲ್ಲ. ಹೊಟ್ಟೆಪಾಡಿಗೆ ಹಾರಬೇಕಾದರೆ ವಾಣಿಜ್ಯ ಲೈಸೆನ್ಸ್ ಬೇಕು. ಅದಕ್ಕೆ 18 ವರ್ಷ, ಇದುವರೆಗಿನ ನಿಯಮದಂತೆ ಪಿಯುಸಿಯಲ್ಲಿ ಗಣಿತ ಮತ್ತು ಭೌತಶಾಸ್ತ್ರ, ಜೊತೆಗೆ 200 ಗಂಟೆಗಳ ಹಾರಾಟ.

ಈಗ ದುಡ್ಡಿನ ಮಾತು. ಎರಡು ಸೀಟಿನ ಸೆಸ್ನಾ 152 ಅಥವಾ ನಾಲ್ಕು ಸೀಟಿನ ಸೆಸ್ನಾ 172 ವಿಮಾನದಲ್ಲಿ ಕಲಿಯಲು ಗಂಟೆಗೆ ಸುಮಾರು 15,000 ರೂಪಾಯಿ ಎಂದು ಹಿಡಿಯಿರಿ. ಚಾಲಿ ಅಡಿಕೆಗೆ ಕಿಲೋಗೆ 400 ರೂಪಾಯಿ ಎಂದುಕೊಂಡರೆ ಒಂದು ಗಂಟೆ ಹಾರಾಟಕ್ಕೆ ಮೂವತ್ತೇಳೂವರೆ ಕಿಲೋ ಅಡಿಕೆ! 200 ಗಂಟೆಗೆ 30 ಲಕ್ಷ. ತರಗತಿ ಪಾಠ, ಪರೀಕ್ಷೆ, ಊಟ-ವಸತಿ ಸೇರಿದರೆ 50 ಲಕ್ಷದ ಹತ್ತಿರ ಹೋಗುತ್ತದೆ. ಅಂದರೆ 125 ಕ್ವಿಂಟಲ್. ಎಕರೆಗೆ 10 ಕ್ವಿಂಟಲ್ ಬಂದರೂ ಒಂದು ಎಕರೆ ತೋಟದ ಹನ್ನೆರಡೂವರೆ ವರ್ಷದ ಫಸಲು. ಇದರಲ್ಲಿ ಗೊಬ್ಬರದ ಖರ್ಚು, ಕೊಳೆರೋಗಕ್ಕೆ ಮದ್ದು ಬಿಡುವ ಖರ್ಚು ಕಳೆದಿಲ್ಲ. ಇಷ್ಟಾದ ಮೇಲೂ ಏರ್‌ಬಸ್, ಬೋಯಿಂಗ್‌ನಂಥ ದೊಡ್ಡ ವಿಮಾನ ಬಿಡಲು ಪ್ರತ್ಯೇಕ ತರಬೇತಿ ಬೇಕು, ಅದಕ್ಕೆ ಮತ್ತೆ ಲಕ್ಷಗಟ್ಟಲೆ ಹಣ. ಲೈಸೆನ್ಸ್ ಬಂದ ಮರುದಿನವೇ ಯಾರೂ ಕರೆದು ಕೆಲಸ ಕೊಡುವುದಿಲ್ಲ. ಆದರೆ ಬ್ಯಾಂಕಿನ ಬಡ್ಡಿ ಕಾಯುವುದಿಲ್ಲ.

ಹಾಗಾಗಿ ಜಾಗದ ಆರ್‌ಟಿಸಿ ಹಿಡಿದು ಬ್ಯಾಂಕಿಗೆ ಹೋಗುವ ಮೊದಲು ವೈದ್ಯಕೀಯ ಪರೀಕ್ಷೆ ಮಾಡಿಸಬೇಕು. ಇದು ನನ್ನ ಗಟ್ಟಿ ಅಭಿಪ್ರಾಯ. ಮೊದಲು ಎರಡನೇ ದರ್ಜೆಯ ಪರೀಕ್ಷೆ, ವಾಣಿಜ್ಯ ಲೈಸೆನ್ಸಿಗೆ ಒಂದನೇ ದರ್ಜೆಯದು. ಬೆಂಗಳೂರಿನಲ್ಲಿರುವ ವಾಯುಪಡೆಯ ಏರೋಸ್ಪೇಸ್ ಮೆಡಿಸಿನ್ ಸಂಸ್ಥೆ ಇದನ್ನು ಮಾಡುವ ಕೇಂದ್ರಗಳಲ್ಲೊಂದು. ಕನ್ನಡಕ ಇದ್ದರೆ ಹೆದರಬೇಕಿಲ್ಲ, ಅದನ್ನು ಹಾಕಿಕೊಂಡು ದೃಷ್ಟಿ ಸರಿಯಾಗಿದ್ದರೆ ಆಯಿತು. ಆದರೆ ಕೆಂಪು-ಹಸಿರು ಗುರುತಿಸಲಾಗದವರಿಗೆ ಕಷ್ಟ. ಇದು ಎಷ್ಟೋ ಮಕ್ಕಳಿಗೆ ತಮಗಿದೆ ಎಂದೇ ಗೊತ್ತಿರುವುದಿಲ್ಲ. ಕೆಲವು ಸಾವಿರದಲ್ಲಿ ತಿಳಿಯುವ ಸಂಗತಿಯನ್ನು ಲಕ್ಷಗಳನ್ನು ಕಟ್ಟಿದ ಮೇಲೆ ತಿಳಿಯುವುದೇಕೆ? ಇನ್ನೊಂದು: ಶುಲ್ಕವನ್ನು ಒಮ್ಮೆಗೇ ಕಟ್ಟಬೇಡಿ, ಹಾರಿದಷ್ಟಕ್ಕೆ ಕಂತಿನಲ್ಲಿ ಕಟ್ಟಿ. ಶಾಲೆಯಲ್ಲಿ ಹಾರುವ ಸ್ಥಿತಿಯಲ್ಲಿರುವ ವಿಮಾನ ಎಷ್ಟು, ಕಲಿಸುವವರು ಎಷ್ಟು ಜನ ಎಂದು ಎಣಿಸಿ ನೋಡಿ.

ಇನ್ನು ಕಲಿಯುವುದು ಹೇಗೆ? ಮಕ್ಕಳೇ, ಮೊದಲ ಪಾಠ ನೆಲದ ಮೇಲೆಯೇ. ಹಾರುವ ಮೊದಲು ವಿದ್ಯಾರ್ಥಿ ರೆಕ್ಕೆಯ ಕೆಳಗಿನ ಸಣ್ಣ ತೂತಿನಿಂದ ಸ್ವಲ್ಪ ಪೆಟ್ರೋಲನ್ನು ಪಾರದರ್ಶಕ ಲೋಟಕ್ಕೆ ಹಿಡಿಯುತ್ತಾನೆ. ಈ ವಿಮಾನಗಳ ಪೆಟ್ರೋಲಿನ ಬಣ್ಣ ತಿಳಿ ನೀಲಿ. ನೀರು ಸೇರಿದ್ದರೆ ಅಡಿಯಲ್ಲಿ ಬಣ್ಣವಿಲ್ಲದ ಗುಳ್ಳೆಯಾಗಿ ಕೂತಿರುತ್ತದೆ, ಏಕೆಂದರೆ ನೀರು ಪೆಟ್ರೋಲಿಗಿಂತ ಭಾರ. ಇಷ್ಟು ಸಣ್ಣ ಗುಳ್ಳೆಯೂ ಎಂಜಿನನ್ನು ನಿಲ್ಲಿಸಬಲ್ಲದು. ಆಕಾಶದಲ್ಲಿ ಬದಿಗೆ ನಿಲ್ಲಿಸಿ ಬಾನೆಟ್ ಎತ್ತುವಂತಿಲ್ಲವಲ್ಲ!

ಮೇಲೆ ಹೋದ ನಂತರ ಕಲಿಯುವುದರಲ್ಲಿ ಒಂದು ವಿಚಿತ್ರ ಪಾಠವಿದೆ. ಮೂತಿಯನ್ನು ಅತಿಯಾಗಿ ಮೇಲೆತ್ತಿದರೆ ರೆಕ್ಕೆಯ ಮೇಲಿನ ಗಾಳಿಯ ಹರಿವು ಕಡಿದು ವಿಮಾನ ಬೀಳತೊಡಗುತ್ತದೆ. ಬೀಳುವಾಗ ಮೇಲಕ್ಕೆಳೆಯಬೇಕೆಂದು ಕೈ ಹೇಳುತ್ತದೆ. ಸರಿಯಾದ ಕ್ರಮ ತದ್ವಿರುದ್ಧ: ಮೂತಿಯನ್ನು ಕೆಳಗೆ ಮಾಡಬೇಕು. ಆಗ ರೆಕ್ಕೆಗೆ ಮತ್ತೆ ಗಾಳಿ ಹತ್ತುತ್ತದೆ. ಶಿಕ್ಷಕರು ಪಕ್ಕದಲ್ಲಿ ಕೂತು ಬೇಕೆಂದೇ ಇದನ್ನು ಮಾಡಿಸುತ್ತಾರೆ. ಎಷ್ಟೋ ಗಂಟೆಗಳ ನಂತರ ಒಂದು ದಿನ ಅವರು ಇಳಿದು, "ಈಗ ನೀನೊಬ್ಬನೇ ಹೋಗಿ ಬಾ" ಎನ್ನುತ್ತಾರೆ.

ಪುಸ್ತಕದ ಪರೀಕ್ಷೆಗಳೂ ಇವೆ: ವಾಯು ನಿಯಮ, ಹವಾಮಾನ, ಎಂಜಿನ್, ದಾರಿ ಲೆಕ್ಕ. ಪಾಸಾಗಲು 70 ಅಂಕ ಬೇಕು. ಒಂದು ಲೆಕ್ಕ ನೀವೂ ಮಾಡಿ. ಮಂಗಳೂರಿನಿಂದ ಬೆಂಗಳೂರಿಗೆ ನೇರ ದಾರಿ ಸುಮಾರು 300 ಕಿಲೋಮೀಟರ್. ಗಂಟೆಗೆ 200 ಕಿಲೋಮೀಟರ್ ವೇಗದ ವಿಮಾನಕ್ಕೆ ಒಂದೂವರೆ ಗಂಟೆ. ಎದುರಿನಿಂದ ಗಂಟೆಗೆ 40 ಕಿಲೋಮೀಟರ್ ಗಾಳಿ ಬೀಸಿದರೆ? ಸುಮಾರು 1 ಗಂಟೆ 52 ನಿಮಿಷ. ಆ 22 ನಿಮಿಷಕ್ಕೆ ಪೆಟ್ರೋಲು ಇದೆಯೇ ಎಂದು ಹೊರಡುವ ಮೊದಲೇ ನೋಡಿರಬೇಕು.

ಹೆಣ್ಣುಮಕ್ಕಳಿಗೆ ಇದೆಲ್ಲ ಆಗುತ್ತದೆಯೇ ಎಂದು ಕೇಳುವವರು ಈಗಲೂ ಇದ್ದಾರೆ. ಬೆಂಗಳೂರಿನ ಜಕ್ಕೂರಿನ ಸರ್ಕಾರಿ ವಿಮಾನ ಹಾರಾಟ ತರಬೇತಿ ಶಾಲೆಯಿಂದ ಉಷಾ ಸುಂದರಂ ತೇರ್ಗಡೆಯಾದದ್ದು 1949ರಲ್ಲಿ! 1951ರಲ್ಲಿ ಅವರೂ ಪತಿ ವಿ. ಸುಂದರಂ ಅವರೂ ಡವ್ ಎಂಬ ಪುಟ್ಟ ವಿಮಾನವನ್ನು ಲಂಡನ್ನಿನಿಂದ ಮುಂಬೈಗೆ 27 ಗಂಟೆಯಲ್ಲಿ ತಂದು ದಾಖಲೆ ಮಾಡಿದರು. ನಮ್ಮ ಬಜಪೆ ನಿಲ್ದಾಣ ಶುರುವಾದದ್ದೂ ಅದೇ ವರ್ಷದ ಡಿಸೆಂಬರಿನಲ್ಲಿ.

ತೋಟ ಅಡವಿಡದ ದಾರಿಗಳೂ ಇವೆ. ಎನ್‌ಸಿಸಿಯ ವಾಯು ವಿಭಾಗ ಸೇರಿದರೆ ಮೈಕ್ರೋಲೈಟ್ ಎಂಬ ಹಗುರ ವಿಮಾನದಲ್ಲಿ ಶಿಕ್ಷಕರ ಜೊತೆ ಹಾರುವ ಅವಕಾಶವುಂಟು, ಗಂಟೆಗೆ ಇಷ್ಟೆಂದು ಕೊಡಬೇಕಿಲ್ಲ. ಭಾರತೀಯ ವಾಯುಪಡೆಗೆ ಆಯ್ಕೆಯಾದರೆ ಸರ್ಕಾರವೇ ತನ್ನ ಖರ್ಚಿನಲ್ಲಿ ಕಲಿಸುತ್ತದೆ. ಪಿಯುಸಿ ನಂತರ ಎನ್‌ಡಿಎ ಪರೀಕ್ಷೆ ಬರೆಯಬಹುದು, 2022ರಿಂದ ಅಲ್ಲಿ ಹುಡುಗಿಯರಿಗೂ ಪ್ರವೇಶವಿದೆ. ಅದಕ್ಕೂ ಗಣಿತ, ಭೌತಶಾಸ್ತ್ರ ಬೇಕು, ಕಣ್ಣಿನ ಪರೀಕ್ಷೆ ಇನ್ನೂ ಬಿಗಿ. ನಮ್ಮ ಮನೆಯವಳ ಕಣ್ಣಿನ ಪರೀಕ್ಷೆ ದಸರಾ ರಜೆಯಲ್ಲಿ ಮಾಡಿಸುವುದೆಂದು ತೀರ್ಮಾನವಾಗಿದೆ.